ಉಪ್ಪು ಕರಗಿದ ಚಳಿಗಾಲ

ಕಿಟಕಿಯ ಆಚೆಯಿಂದ ಕೇಳಿದರು:
ಹುಟ್ಟಿದ ದಿನಾಂಕ?
ಅವ್ವಿ ಅಂದಳು:
ಆಗರದ ಉಪ್ಪು ಕರಗಿದ ಚಳಿಗಾಲ.

ಗುಮಾಸ್ತನ ಪೆನ್ನು ಗಾಳಿಯಲ್ಲೇ ನಿಂತಿತು.
ಫಾರಂನಲ್ಲಿ ಎಂಟು ಚೌಕ,
ಎಂಟಕ್ಕೂ ಅಂಕಿಯೇ ಆಗಬೇಕು.

ಹಾಗಾಗಿ ನಾನು ಕಾರವಾರದ ಬಸ್ಸು ಹತ್ತಿದೆ.

ಬಂದರಿನ ಹಿಂದೆ, ಹಂಚು ಜಾರಿದ ಕೋಣೆಯಲ್ಲಿ
ಶಾಣು ಕೊಠಾರಕರರು ಮಳೆಲೆಕ್ಕದ ಹಳೇ ವಹಿಗಳನ್ನು
ಅಟ್ಟದಿಂದ ಇಳಿಸಿದರು. ಧೂಳಿಗೆ ಕೆಮ್ಮಿದರು.
‘ಪುಷ್ಯ ಮಾಘದ ಪುಟದಲ್ಲಿ ಏನು ಹುಡುಕುತ್ತೀರಿ?
ಅಲ್ಲಿ ಏನೂ ಆಗುವುದಿಲ್ಲ.’

ನಿಜ. ಸೊನ್ನೆ, ಸೊನ್ನೆ, ಸೊನ್ನೆ.
ಆಷಾಢದ ಪುಟದಲ್ಲಿ ಅಂಕಿಯ ಮೈಮೇಲೆ ಅಂಕಿ ಬಿದ್ದು ಒದ್ದಾಡಿದರೆ
ಇಲ್ಲಿ ದಿನಕ್ಕೊಂದೇ, ದುಂಡಗೆ,
ನೀರಿಳಿದ ಮರಳಲ್ಲಿ ಏಡಿ ತೋಡಿಟ್ಟ ಬಿಲದ ಹಾಗೆ.

ಆಮೇಲೆ ಒಂದು ಜನವರಿಯಲ್ಲಿ, ಥಟ್ಟನೆ:
ಮೂವತ್ತೆಂಟು ಮಿಲಿಮೀಟರು.
ಪಕ್ಕದ ಷರಾ: ಮೂಡಗಾಳಿ, ರಾತ್ರಿಯಿಡೀ.
ನನ್ನ ಅಂಗೈ ಬೆವರಿತು. ಸಿಕ್ಕಿದಳು ಅಂದುಕೊಂಡೆ.
(ಕಾರವಾರದ ಮಳೆ ಸಾಣಿಕಟ್ಟೆಯಲ್ಲೂ ಬೀಳಬೇಕೆಂದೇನಿಲ್ಲ.
ಆದರೂ.)

ಎರಡು ವಹಿ ದಾಟಿದರೆ ಇನ್ನೊಂದು, ಇಪ್ಪತ್ತೇಳು.
ಅದರಾಚೆ ಮೂರನೆಯದು, ಒಂಬತ್ತೇ ಒಂಬತ್ತು,
ಆದರೆ ಕನಿಷ್ಠ ಉಷ್ಣಾಂಶದ ಅಡಿಗೆ
ಕೆಂಪು ಶಾಯಿಯ ಗೆರೆ. ಎರಡು ಸಲ.
ಬರೆದವನಿಗೇ ನಂಬಿಕೆ ಬಾರದೆ
ಮತ್ತೆ ಹೋಗಿ ನೋಡಿ ಬಂದಿರಬೇಕು.

ಮೂರು ಚಳಿಗಾಲ. ಒಬ್ಬಳೇ ಅವ್ವಿ.

ಮೊದಲೆರಡರಲ್ಲಿ ಯಾವುದಾದರೂ ಸರಿ,
ಅರವತ್ತೈದು ತುಂಬಿತು, ಪಿಂಚಣಿ ಈ ತಿಂಗಳಿಂದಲೇ.
ಮೂರನೆಯದಾದರೆ ಇನ್ನೂ ಒಂದು ವರ್ಷ.

ಸಂಜೆ ಅವ್ವಿ ಬಳಚು ಬಿಡಿಸುತ್ತಿದ್ದಳು.
ತಕ್ಕಡಿಗೆ ಬೆರಳಿಟ್ಟವಳ ಹಾಗೆ
ಮೊದಲೆರಡನ್ನೇ ಜೋರಾಗಿ ಹೇಳಿದೆ.
ಮೂರನೆಯದನ್ನು ಬಾಯೊಳಗೆ.

‘ದೊಡ್ಡ ಮಳೆ ಅಲ್ಲ ಅದು,’ ಅಂದಳು.
‘ಉಪ್ಪು ಕರಗೂಕೆ ದೊಡ್ಡ ಮಳೆ ಎಂತಕೆ?
ಆವತ್ತು ಬೆಳಿಗ್ಗೆ ಹೊಳೆ ಮೀನು ಮರಗಟ್ಟಿ
ದಡಕ್ಕೆ ಬಂದಿತ್ತಂತೆ.
ಮಕ್ಕಳು ಬಲೆ ಇಲ್ಲದೆ, ಬರೀ ಕೈಲಿ,
ಮಾವಿನ ಮಿಡಿ ಹೆಕ್ಕಿದ ಹಾಗೆ ಹೆಕ್ಕಿದ್ರಂತೆ.
ನಾನು ಹುಟ್ಟಿ ಅಳಲೇ ಇಲ್ಲ. ನೀಲಿ ಇದ್ದೆನಂತೆ.
ಅಪ್ಪ ಬೀರ, ಉಪ್ಪು ಮುಚ್ಚೂಕೆ ಹೊತ್ತೊಯ್ದ ಕಂಬಳಿ,
ಮುಚ್ಚೂಕೆ ಏನೂ ಉಳಿದಿಲ್ಲ ಹೇಳಿ ವಾಪಸು ತಂದು
ನನ್ನ ಸುತ್ತಿದ.
ಆ ಉಪ್ಪು ಕಣ್ಣಿಗೆ ಹತ್ತಿ ಉರಿದು
ಕಿರುಚಿದೆ ನೋಡು, ಅದೇ ಮೊದಲು.’

ಬಳಚಿನ ಚಿಪ್ಪು ಟಕ್ಕೆಂದು ಬಾಯಿಬಿಟ್ಟಿತು.

ಕೆಂಪು ಗೆರೆ. ಎರಡು ಸಲ.
ಅಷ್ಟು ದೂರದಲ್ಲಿ, ಮರಗಟ್ಟಿದ ಬೆರಳುಗಳಿಂದ
ಯಾರೋ ಒಬ್ಬ ನನ್ನ ಅವ್ವಿಯ ಹುಟ್ಟನ್ನು
ಗೊತ್ತಿಲ್ಲದೆ ಬರೆದಿಟ್ಟಿದ್ದ.

‘ಅವ್ವೀ, ಹಾಗಾದರೆ ಇನ್ನೂ ಒಂದು ವರ್ಷ ಕಾಯಬೇಕು.’
‘ಒಂದು ಚಳಿ ತಾನೆ,’ ಅಂದಳು,
ಚಿಪ್ಪುಗಳನ್ನು ಅಂಗಳದ ಮೂಲೆಗೆ ಸುರಿದು.

ಎಂಟು ಚೌಕವನ್ನೂ ಪೆನ್ಸಿಲಿನಲ್ಲಿ ತುಂಬಿದೆ.
ದೀಪ ಆರಿಸಿದ ಮೇಲೆ
ಮೂಡಗಾಳಿ ಎದ್ದಿತು.
ಆಗರದ ಕಡೆಯಿಂದ,
ಕತ್ತಲಲ್ಲಿ,
ಯಾರೋ ತಾಡಪಾಲು ಎಳೆಯುವ ಸದ್ದು.