ಬಾಗಿಲು ಯಾವ ಕಡೆ ತೆರೀತೈತಿ

ಹಳೆಯದು ಮಂಗಳವಾರ ಹೋಯಿತು.
ಹೊದಿಕೆ ಹಿಂಡುತ್ತ ಹಿಂಡುತ್ತ ಒಂದು ಮೊಳ ನಡೆದು ಬಂದು
ಬಾಗಿಲಿಗೆ ಅಡ್ಡ ನಿಂತುಬಿಟ್ಟಿತು.
ಒಳಗೆ ಹೋಗಲಾರದೆ ಕಿಟಕಿಯಿಂದ ಕೋಲು ತೂರಿಸಿ
ಸ್ವಿಚ್ಚು ಆರಿಸಿದೆವು.
ಹದಿಮೂರು ವರ್ಷ. ಕೊನೆಕೊನೆಗೆ ನೆತ್ತಿಯ ಮೇಲೆ
ರುಬ್ಬುಗುಂಡು ಹೇರಿ ಕೂರಿಸುತ್ತಿದ್ದೆವು,
ಎರೆಯುವಾಗ ಹಟಮಾರಿ ಕೂಸನ್ನು ಅದುಮಿ ಹಿಡಿದ ಹಾಗೆ.

ಕೋಣೆಯೆಂದರೆ ಕೋಣೆಯಲ್ಲ, ಮೆಟ್ಟಿಲ ಕೆಳಗಿನ ಇಳಿಜಾರು.
ಒಂದು ಕಾಲಕ್ಕೆ ಸೌದೆ, ಆಮೇಲೆ ಸೈಕಲ್ಲು, ಈಗ ಬಟ್ಟೆ.
ಕರಿಬಸಪ್ಪ ಗೇಣು ಹಾಕಿದ: ಐದು ಗೇಣು, ನಾಲ್ಕು ಬೆರಳು.
ನಾನು ಟೇಪು ಎಳೆದೆ: ನಲವತ್ತೈದೂ ಮುಕ್ಕಾಲು ಇಂಚು.
ಪಕ್ಕಪಕ್ಕ ಎರಡು ಯಂತ್ರ ಕೂರಲು ಒಂದೂವರೆ ಇಂಚು ಸಾಲದು.
ಒಂದರ ಮೇಲೊಂದು ನಿಲ್ಲಿಸಿದರೆ
ಎತ್ತರದ ಮೂಲೆಯಲ್ಲಿ ಮಾತ್ರ ತಲೆ ತಾಗದು.

ಪಿ.ಬಿ. ರಸ್ತೆಯ ಅಂಗಡಿಯಲ್ಲಿ ತಿಪ್ಪೇಶ ನಕ್ಕ:
'ದಾವಣಗೆರೆ ಬಿಸಿಲಿಗೆ ಡ್ರೈಯರ್ ಯಾಕ್ರೀ ಅಕ್ಕಾ?
ಹಗ್ಗಕ್ಕೆ ಹಾಕಿ ತಿರುಗೋದ್ರೊಳಗೆ ಹಪ್ಪಳ ಆಗಿರ್ತಾವೆ.'
ಬಾ, ನಮ್ಮ ಓಣಿಗೆ ಬಂದು ನೋಡು ಅಂದೆ.

ಮಂಡಕ್ಕಿ ಭಟ್ಟಿಗಳ ಹಿಂಬದಿ ನಮ್ಮ ಮನೆ.
ಬೆಳಗಿನ ಜಾವ ನಾಲ್ಕಕ್ಕೇ ಹೊಟ್ಟು ಹೊತ್ತಿಕೊಳ್ಳುತ್ತದೆ,
ಕಾದ ಮರಳಿನಲ್ಲಿ ಅಕ್ಕಿ ಹಿಗ್ಗಿ ಬೆಳ್ಳಗಾಗುತ್ತದೆ,
ಆ ಬಿಳುಪು ಚೀಲ ತುಂಬಿ ಊರೂರಿಗೆ ಹೋದ ಮೇಲೆ
ಉಳಿದದ್ದು ನಮ್ಮ ತಾರಸಿಗೆ ಇಳಿಯುತ್ತದೆ.
ನನ್ನದು ಡಯಾಲಿಸಿಸ್ ವಾರ್ಡಿನ ಕೆಲಸ, ಬಿಳಿ ಕೋಟು.
ನಾಲ್ಕನೇ ಹಾಸಿಗೆಯ ನಿಂಗೋಜಿರಾವ್
ರಕ್ತ ಹೊರಗೆ ಹೋಗಿ ಒಳಗೆ ಬರುವ ನಾಲ್ಕು ತಾಸು
ನನ್ನ ತೋಳಿನ ಮಸಿಚುಕ್ಕೆ ಎಣಿಸುತ್ತಿದ್ದರು.
'ಇವತ್ತು ಹತ್ತೊಂಬತ್ತು ಸಿಸ್ಟರ್. ಮೊನ್ನೆಗಿಂತ ಎರಡು ಜಾಸ್ತಿ.'
ಅದರಲ್ಲಿ ಎಷ್ಟು ಕರಿಬಸಪ್ಪನ ಭಟ್ಟಿಯವು
ಅಂತ ನಾನು ಹೇಳಿರಲಿಲ್ಲ.

ಅಗ್ಗದ ಡ್ರೈಯರಿಗೆ ಆನೆಸೊಂಡಿಲಿನಂಥ ಕೊಳವೆ.
'ಗೋಡೆಗೆ ತೂತು ಹೊಡೆಸಿದ್ರೆ ಸಾಕು' ಅಂದ ತಿಪ್ಪೇಶ.
ಕರಿಬಸಪ್ಪ ಆಗ ಬಾಯಿ ಬಿಟ್ಟ:
'ಬಿಸಿಗಾಳಿ ಹೋಗೋ ತೂತಿನಾಗೇ ಮಸಿ ಬರ್ತೈತಿ.
ಅದರ ದಾರಿ ನಂಗೊತ್ತು.'
ಹಾಗಾಗಿ ಇನ್ನೊಂದು, ಆವಿಯನ್ನು ನೀರು ಮಾಡಿ
ಡಬ್ಬಿಯಲ್ಲಿ ಹಿಡಿದಿಡುವಂಥದು. ಹದಿನೆಂಟು ಸಾವಿರ ಹೆಚ್ಚು.
ಕಂತಿನ ಕಾಗದ ಮುಂದಿಟ್ಟರೂ ಅವನು ಬಡ್ಡಿ ಕೇಳಲಿಲ್ಲ.
ಕೇಳಿದ್ದು ಒಂದೇ: 'ಬಾಗಿಲು ಯಾವ ಕಡೆ ತೆರೀತೈತಿ?'

ಅತ್ತೆ ಹಾಲಮ್ಮನ ಬಲಭುಜ ಮೇಲೇಳದು.
ಹತ್ತಿ ಗಿರಣಿಯಲ್ಲಿ ಇಪ್ಪತ್ತೊಂದು ವರ್ಷ
ಅರಳೆ ಹಿಂಜುವ ಯಂತ್ರಕ್ಕೆ ತಿನ್ನಿಸಿದ ಕೈ ಅದು.
ತಿಪ್ಪೇಶ ಕಂಪನಿಗೆ ಫೋನು ಹಚ್ಚಿದ.
ಮೇಲಿನದರ ತಿರುಗಣಿ ಬದಲಿಸಬಹುದಂತೆ, ಕೆಳಗಿನದಕ್ಕೆ ಆಗದಂತೆ.
ಕೊನೆಗೆ ಯಂತ್ರವನ್ನಲ್ಲ, ಕೋಣೆಯ ಬಾಗಿಲನ್ನೇ ಕಿತ್ತೆವು.
ಅದೀಗ ತಾರಸಿಯಲ್ಲಿ ಮಲಗಿದೆ,
ಬೆಕ್ಕು ಅದರ ಮೇಲೆ ಮರಿ ಹಾಕಿದೆ.

ಮೊದಲ ಸುತ್ತು ಮುಗಿದಾಗ ಹಾಲಮ್ಮ
ಜಾಲರಿಯಲ್ಲಿ ಕೂತ ಬೂದುಬಣ್ಣದ ನಯವನ್ನು ಚಿವುಟಿ ತೆಗೆದಳು.
ಎರಡು ಬೆರಳಲ್ಲಿ ಎಳೆದಳು, ಬೆಳಕಿಗೆ ಹಿಡಿದಳು.
'ಎಳೆ ಗಿಡ್ಡ. ಮಿಲ್ಲಿನಾಗಾಗಿದ್ರೆ ವಾಪಸ್ ಕಳಿಸ್ತಿದ್ವಿ'
ಅಂದವಳೇ ಪೌಡರ್ ಡಬ್ಬಿಗೆ ತುಂಬಿಟ್ಟಳು,
ದೀಪದ ಬತ್ತಿಗಾದರೂ ಆದೀತು ಅಂತ.

ಮರುದಿನ ವಾರ್ಡಿನಲ್ಲಿ ನಿಂಗೋಜಿರಾಯರು
ನನ್ನ ತೋಳನ್ನು ಹೊರಳಿಸಿ ಹೊರಳಿಸಿ ನೋಡಿದರು.
'ಏನ್ ಸಿಸ್ಟರ್, ನಾಲ್ಕು ತಾಸು ನಾನೇನು ಎಣಿಸ್ಲಿ?'
ಬಸ್ಸಿನವರೆಗೆ ನಡೆದೇ ಬಂದಿದ್ದೆನಲ್ಲ,
ಕಾಲರಿನ ಹಿಂದೆ ಒಂದು ಇದ್ದೇ ಇರುತ್ತದೆ ಅಂತ
ತಿರುಗಿ ನಿಂತು ತೋರಿಸಿದೆ.