ಸುಗಂಧಿಗೆ, ಚೀಲದ ಜೊತೆ

ನೀನು ಕೇಳಿದ್ದು ಸರ್ವಿಸ್ ಲಿಫ್ಟಿನಲ್ಲಿ, ಟವೆಲ್ಲಿನ ಗಾಡಿ ಹಿಡಿದು:
"ರಾತ್ರಿ ನಮ್ಮ ತಲೆಯ ಮೇಲೆ ನಡೆಯುವುದು ಯಾರು ಮಾರಾಯ್ರೆ,
ಅಷ್ಟು ನಿಧಾನ, ಒಂದೇ ತೂಕದ ಹೆಜ್ಜೆ?"

ಅದು ಮನುಷ್ಯನಲ್ಲ. ಬಾಸು.
ಆಳೆತ್ತರದ ಪಿಟೀಲು, ನಿಂತುಕೊಂಡು ಬೆರಳಲ್ಲಿ ಮೀಟುವಂಥದ್ದು.
ಹೂರಾದ ಈ ಹೋಟೆಲಿನಲ್ಲಿ ಹತ್ತೊಂಬತ್ತು ವರ್ಷ
ಲಾಂಜಿನ ಪಿಯಾನೋಕ್ಕೆ ಶ್ರುತಿ ಕೂಡಿಸಿದವನು ನಾನು.
ಕೆಳಗೆ ಲಾಂಡ್ರಿಗೆ ಇಳಿಯುವುದು ಬಾಸು ಮಾತ್ರ ಅಂತ
ಗೊತ್ತಾದದ್ದು ನಿನ್ನಿಂದ.
ಪಿಯಾನೋ ಕಾರ್ಪೆಟ್ಟಿನಲ್ಲೇ ಇಂಗಿಹೋಗುತ್ತದೆ.

ಚೀಲದಲ್ಲಿ ಐದುಂಟು. ಹೆಸರೆಲ್ಲ ಬಾಯಿಪಾಠ ಬೇಡ.
ಪಿಯಾನೋ, ಬಾಸು, ಡ್ರಮ್ಮು, ಮೂರೇ ಜನ.
ಮೂರು ಕಲ್ಲಿನ ಒಲೆ ಅಂದುಕೋ;
ಅನ್ನಕ್ಕೆ ಇಟ್ಟದ್ದು ಯಾರು ಅಂತ ಮಾತ್ರ ಗೊತ್ತಾಗುವುದಿಲ್ಲ.

ಬಿಳಿ ರಟ್ಟಿನದ್ದು ಮೊದಲು ಹಾಕು.
ಅದೂ ಹೋಟೆಲಿನ ಲಾಂಜಿನಲ್ಲೇ ಹಿಡಿದದ್ದು,
ಬೇರೆ ದೇಶ, ನಮ್ಮಪ್ಪನ ಕಾಲ.
ಎಷ್ಟು ಬಾರಿಸಬಾರದು ಅಂತ ಆ ಮನುಷ್ಯನಿಗೆ ಗೊತ್ತುಂಟು.
ನಾಲ್ಕು ಸ್ವರ ಇಟ್ಟು ಕೈ ಎತ್ತುತ್ತಾನೆ,
ಖಾಲಿ ಜಾಗದಲ್ಲಿ ಬಾಸು ಸ್ವಲ್ಪ ತಿರುಗಾಡಿ ಬರುತ್ತದೆ.
ರಂಜಾನಿನ ಸಂಜೆ, ತೋಪು ಹಾರುವ ಮುಂಚಿನ ನಿಮಿಷ
ಎಕ್ಸಿಬಿಶನ್ ರಸ್ತೆ ಇರುತ್ತದಲ್ಲ,
ಹಾಗೆ.

ಹಸಿರು ಕವರಿನವನು ಪಕ್ಕಪಕ್ಕದ ಎರಡು ಮನೆ ಒಟ್ಟಿಗೇ ಒತ್ತುತ್ತಾನೆ,
ನೆರೆಹೊರೆಯವರಿಗೆ ಜಗಳ ಹಚ್ಚುವವನ ಹಾಗೆ.
ನಾನು ಮೊದಲ ಸಲ ಡಿಸ್ಕು ಗೀರಿದೆ ಅಂತ
ಅಂಗಿಯ ಚುಂಗಿನಲ್ಲಿ ಒರೆಸಿದ್ದೇ ಒರೆಸಿದ್ದು.
ಎರಡನೇ ವಾರಕ್ಕೆ ತಿಳಿಯಿತು, ಅದು ಕುಂಟುವುದಲ್ಲ,
ಮಕ್ಕಳು ಮೆಟ್ಟಿಲು ಬಿಟ್ಟು ಬಿಟ್ಟು ಇಳಿಯುವುದು.
ಸೇರದಿದ್ದರೆ ನಾಚಬೇಡ. ಹಾಗಲಕಾಯಿ
ಎಂಟನೇ ವಯಸ್ಸಿನಲ್ಲಿ ಯಾರಿಗೆ ಸೇರಿತ್ತು?

ತುಂಬ ಬೆರಳಿನವನದು ಸಂಬಳದ ದಿನಕ್ಕೆ ಇಡು.
ರೋಸಿನ ಮನೆಯ ಊಟದ ಹಾಗೆ ಬಡಿಸುತ್ತಾನೆ,
ಎಲೆಗೆ ಕೈ ಅಡ್ಡ ಹಿಡಿದರೂ ಬಿಡುವುದಿಲ್ಲ.
ಇನ್ನೊಬ್ಬ ಬಾರಿಸುತ್ತ ಗುನುಗುತ್ತಾನೆ, ಸ್ವರ ತಪ್ಪಿ.
ಬೈಯಬೇಡ. ಬೆಡ್‌ಶೀಟು ಮಡಚುವಾಗ ನೀನೂ ಗುನುಗುತ್ತಿ.

ಮತ್ತೆ ಉಳಿದದ್ದು ಮುಚ್ಚಳ ಒಡೆದದ್ದು.
ನೆಲಮಾಳಿಗೆಯ ಕ್ಲಬ್ಬು, ಒಂದು ಭಾನುವಾರ.
ಗ್ಲಾಸಿನ ಸದ್ದು, ಯಾವಳದೋ ನಗು,
ಅರ್ಧ ಜನ ಕೇಳುತ್ತಲೇ ಇಲ್ಲ, ನಮ್ಮ ಗುರುವಾರದ ಗಿರಾಕಿಗಳೇ.
ಅದರಲ್ಲಿ ಬಾಸು ನಡೆಯುವುದಿಲ್ಲ, ಮಾತಾಡುತ್ತದೆ;
ಪಿಯಾನೋ ಹೂಂಗುಟ್ಟುತ್ತದೆ, ನಡುವೆ ಬಾಯಿ ಹಾಕುತ್ತದೆ.
ಆ ಬಾಸಿನ ಹುಡುಗನಿಗೆ ಇಪ್ಪತ್ತೈದು.
ಹನ್ನೊಂದನೆಯ ದಿನ ಕಾರು ಮರಕ್ಕೆ ಬಡಿಯಿತು.

ಇದು ಹೇಳಬಾರದಿತ್ತು. ಕೇಳಿದ ಮೇಲೆ ತಿಳಿಯಬೇಕಿತ್ತು ನಿನಗೆ.
ಹೇಳಿ ಆಯಿತು.
ಗ್ಲಾಸು ಹಿಡಿದವರಿಗೆ ಆ ದಿನ ಗೊತ್ತಿರಲಿಲ್ಲ, ನೋಡು.
ನೀನೂ ಅವರ ಹಾಗೆಯೇ ಕೂತು ಕೇಳು.

ಫೋನಿನ ಸ್ಪೀಕರು ಖಂಡಿತ ಬೇಡ,
ನಿನ್ನ ತಲೆಯ ಮೇಲೆ ನಡೆಯುವವನು ಅದರಲ್ಲಿ ಕಾಣೆಯಾಗುತ್ತಾನೆ.
ರೂಮಿನ ಏಸಿ ಹತ್ತು ನಿಮಿಷ ನಂದಿಸು, ಬೆವರಲಿ ಮೈ.
ಆಗಸ್ಟಿನ ಸಮುದ್ರದ ಹವೆಗೆ ನನ್ನ ಪಿಯಾನೋದ ಮರವೂ ಉಬ್ಬಿ
ಸ್ವರ ಒಂದು ಕೂದಲು ಮೇಲೆ ಏರುತ್ತದೆ.

*

ಒಂಬತ್ತು ದಿನ ಬಿಟ್ಟು ಚೀಲ ಬಂತು,
ಗಿರಾಕಿಯ ಅಂಗಿಯ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.
ಪಿಯಾನೋದ ಸುದ್ದಿಯೇ ಎತ್ತಲಿಲ್ಲ ನೀನು.
"ಹಿಂದೆ ಒಬ್ಬ ಇಸ್ತ್ರಿ ಮಾಡ್ತಾನಲ್ಲ," ಅಂದೆ,
"ನೀರು ಚಿಮುಕಿಸಿ, ಕಾಲರು ತಿರುಗಿಸಿ, ಮತ್ತೆ ಉಜ್ಜಿ.
ಅವ ಒಳ್ಳೆ ಕೆಲಸದವ.
ಅವನೊಬ್ಬನೇ ಇರುವ ಡಿಸ್ಕು ಉಂಟಾ?"

ಬ್ರಶ್ಶು ಅದು, ಸುಗಂಧಿ. ತಂತಿಯ ಕುಂಚ,
ಡ್ರಮ್ಮಿನ ಹೊದಿಕೆಯ ಮೇಲೆ.
ಇಷ್ಟು ವರ್ಷ ನಾನದನ್ನು
ಹಳೇ ರೆಕಾರ್ಡಿನ ಧೂಳು ಅಂದುಕೊಂಡಿದ್ದೆ, ಅರ್ಧ ಕಿವಿಯಲ್ಲಿ.

ಚೀಲದಲ್ಲಿ ನಾಲ್ಕೇ ಇತ್ತು.
ನಾನು ಎಣಿಸಿದೆ, ನೀನು ನೋಡಿದೆ,
ಲಿಫ್ಟು ಬಂತು.