ಒಂದು ಕೈ ಕಿಸೆಯಾಗ

ಮೈಂದರ್ಗಿಯಿಂದ ಅಕ್ಕಲಕೋಟಿಗೆ, ಲಾಲ್ ಎಸ್‌ಟಿಯಾಗ,
ಸೊಲ್ಲಾಪುರ ಚಾದರಿನಾಗ ಸುತಗೊಂಡು ಬಂತು.
"ಕಂಡಕ್ಟರ್ ಅರ್ಧ ಟಿಕೀಟ ಹರದ ಇದಕ್ಕ,
ಕೂಸಿಗೆ ಹರದಂಗ," ಅಂದ್ಳು ಸುಗಲಾಬಾಯಿ,
ನನ್ನ ಟೇಬಲ್ ಮ್ಯಾಲ ಇಳಿಸಿ, ಬೆವರ ಒರಸಿಕೊಂಡು.

ಹದಿನೆಂಟು ಕಿಲೋ. ತುಕ್ಕು ಹಿಡದ ಜಾಳಿಗಿ.
ಎದಿ ಮ್ಯಾಲ ಬಿಳಿ ಪೇಂಟಿನಾಗ
ಚನಮಲ್ಲ ಸೌಂಡ್ ಸರ್ವಿಸ್,
ಕೆಳಗ ಮರಾಠಿಯೊಳಗ ಮತ್ತ ಅದ ಮಾತು.

"ಪುಣೆದವ ಒಬ್ಬ ಬಂದಿದ್ದ. ಇಪ್ಪತ್ತು ಸಾವಿರ ಅಂದ.
ಮನಿಯಾಗ ಕುಂತು ಹಾಡು ಕೇಳ್ತಾರಂತ ಇದರಾಗ.
ನಾ ಮಾರೂದಿಲ್ಲ. ಬಾಡಿಗಿಗೂ ಕೊಡೂದಿಲ್ಲ.
ಜೀವ ಬಂದ್ರ ಸಾಕು."
ಆಮ್ಯಾಲ ದನಿ ಇಳಿಸಿ:
"ನಲವತ್ತು ವರ್ಷ ಮಾತಾಡ್ಯಾನ ಇದರಾಗ.
ಏನರ ಉಳದಿರತದೇನು ಒಳಗ?"

"ಇಲ್ಲವ್ವ. ಇದು ಬರೇ ದೊಡ್ಡದು ಮಾಡತದ.
ಇಟಗೊಳ್ಳೂದಿಲ್ಲ."

ತಳಾ ಬಿಚ್ಚಿದೆ.
ಇಲಿ ಗೂಡು: ಮದುವಿ ಕಾರ್ಡಿನ ಚೂರು, ಹತ್ತಿ, ಶೇಂಗಾ ಸಿಪ್ಪಿ.
ಮೇಣ ಕರಗಿ ಹರದ ಕಂಡೆನ್ಸರ್.
ಮೂಲಿಯಾಗ, ತಗಡಿನ ಮ್ಯಾಲ, ಪೆನ್ಸಿಲ್ಲಿಲೆ
೧೪-೩-೭೧, ಮಶಾಕ.
ಅಂಕಿ ಕನ್ನಡ, ಹೆಸರು ಉರ್ದು.
ನನ್ನ ಮಾಸ್ತರ!
ಆತನ ಬೆಸಿಗಿಗೆ ಹೆಸರು ಬೇಕಿದ್ದಿಲ್ಲ ಖರೇ ಅಂದ್ರ,
ಜ್ವಾಳದ ಕಾಳಿನಂಗ ದುಂಡಗ, ಇನ್ನೂ ಹೊಳೀತಿತ್ತು.

ಎರಡನೇತ್ತಾ ಓದಿದ ಮನಿಷಾ.
ರೆಸಿಸ್ಟರ್ ಹಿಡದ್ರ ಮಾತ್ರ ಗಡಬಡಿಲ್ಲ:
ಕಂದು, ಕರಿ, ಹಳದಿ; ಒಂದು ಲಕ್ಷ.
"ವಾಲ್ವಿನ ನೆತ್ತಿ ನೋಡು ಮೊದಲ. ಬೆಳ್ಳಿ ಇದ್ರ ಜೀವಂತ.
ಹಾಲಿನಂಗ ಬೆಳ್ಳಗಾತೋ, ಗಾಳಿ ಹೊಕ್ಕದ, ಮುಗೀತು.
ನಮಗ ಗಾಳಿ ಹೋದ್ರ ಸಾವು,
ಇದಕ್ಕ ಗಾಳಿ ಬಂದ್ರ.
ಮತ್ತ, ಒಂದು ಕೈ ಕಿಸೆಯಾಗ ಇರ್ಲಿ ತಮ್ಮಾ.
ನಾಕನೂರು ವೋಲ್ಟ್ ಈ ಕೈಯಿಂದ ಆ ಕೈಗೆ ಹೋಗೂ ಹಾದ್ಯಾಗ
ಎದಿ ಬರತದ."
ಆತನ ಅಂಗಿ ಎಷ್ಟ ಹೊಸದಿರ್ಲಿ,
ಎಡಗಡಿ ಕಿಸೆ ಹರದಿರತಿತ್ತು.

ನಾಕರಾಗ ಒಂದು ಹಾಲಾಗಿತ್ತು.
ಅದರ ಜೋಡಿ ಸಿಕ್ಕದ್ದು ಸೊಲ್ಲಾಪುರದ ಗುಜರಿಯಾಗ,
ಮುಚ್ಚಿದ ಟಾಕೀಸಿನ ಸಾಮಾನಿನ ಬುಟ್ಟಿ ತಳಕ್ಕ,
ಯಾರೋ ಕಾಲಚೀಲದಾಗ ಸುತ್ತಿಟ್ಟಿದ್ರು.

ಆರನೇ ದಿನ ನೊಣ ಹೊಡೀಲಾಕ ಕಿಸೆಯಿಂದ ಕೈ ತಗದೆ.
ಗ್ವಾಡಿಗೆ ಹೋಗಿ ಬಿದ್ದೆ.
ಪ್ಲಗ್ ಕಿತ್ತು ಆಗಲೇ ಹತ್ತು ನಿಮಿಷ.
ಸಿಟ್ಟು ಅಷ್ಟ ಇಟಗೊಂಡಿರತದ ಅಂತ
ಆಕಿಗೆ ಹೇಳೂದು ಮರತಿದ್ದೆ.

ಶುಕ್ರವಾರ ಬಂದ್ಳು.
ನೂರರ ಬಲ್ಬ್ ನಡುವ ಹಾಕಿ ಹಚ್ಚಿದೆ.
ಭಕ್ಕನ ಉರೀತು, ಸಣ್ಣಗಾತು, ಹಂಗ ನಿಂತಿತು.
ಶಾರ್ಟ್ ಇಲ್ಲ. ಬಲ್ಬ್ ತಗದು ನೇರ ಕೊಟ್ಟೆ.
ವಾಲ್ವಿನ ಹೊಟ್ಯಾಗ, ರೊಟ್ಟಿ ಮುಗದ ಮ್ಯಾಲಿನ ಒಲಿ ಬಣ್ಣ.
ಧೂಳು ಸುಟ್ಟಿತು.
"ಹಾಂ," ಅಂದ್ಳು, "ಇದ ವಾಸನಿ."

ಮೈಕ್ ಕೊಟ್ಟೆ. ಹಿಂದಕ್ಕ ಸರದ್ಳು.
"ನಲವತ್ತು ವರ್ಷ ವಾಯರ್ ಸುತ್ತೇನಿ.
ಇದನ್ನ ಹಿಡದಿಲ್ಲ."
ಚನಮಲ್ಲ ಹಲೋ ಹಲೋ ವನ್ ಟೂ ಥ್ರೀ ಅಂತಿದ್ದ,
ಥ್ರೀಗೆ ನಿಂದರತಿದ್ದ, ನನಗ ನೆನಪದ.

"ಒಂದ," ಅಂದ್ಳು.
ಬಾಗಲಾಗಿನ ಭೋಂಗಾ ನಡುಗಿತು. ಚಹಾದವ ಹೊಳ್ಳಿ ನೋಡಿದ.
"ಎರಡ. ಮೂರ."
ನಿಂದರಲಿಲ್ಲ.
ಒಂಬತ್ತಕ್ಕ ಸೆರಗು ಹೆಗಲಿಂದ ಜಾರಿದ್ದು ಗೊತ್ತಾಗಲಿಲ್ಲ,
ಹನ್ನೆರಡಕ್ಕ ದನಿ ಗಟ್ಟಿಯಾತು,
ಹದಿನಾರಕ್ಕ ಲೈಟ್ ಹೋತು.

ಫ್ಯಾನ್ ನಿಂತಿತು. ಬಾಜೂಕ ಹಿಟ್ಟಿನ ಗಿರಣಿ ನಿಂತಿತು.
ಭೋಂಗಾ ಮಾತ್ರ
"ಹದಿನೇಳ,"
ಮತ್ತ, ಓಣಿ ಆ ತುದಿಯಿಂದ ಯಾರೋ ಕರದಂಗ, ಸಣ್ಣಗ,
"ಹದಿನೆಂಟ."

ಆಕಿ ನನ್ನ ಮಾರಿ ನೋಡಿದ್ಳು.
ನಾ ಏನೂ ಅನ್ನಲಿಲ್ಲ. ಕೈ ಕಿಸೆಯಾಗ ಇತ್ತು.
ಹತ್ತೊಂಬತ್ತ ಬರೇ ಬಾಯಿಲೆ ಅಂದ್ಳು.
ಮೈಕ್ ಕೆಳಗ ಇಡಲಿಲ್ಲ,
ಲೈಟ್ ಬರೂತನಾ ಹಿಡಕೊಂಡು ಕುಂತ್ಳು.